ಟರ್ಬೊ ಅಣ್ಣ

ಯಳಂದೂರಿನ ಬಳೇಮಂಟಪದ ಆಸುಪಾಸಿನ ಯಾವುದಾದರೊಂದು ಟೀ ಅಂಗಡಿಯ ಮುಂದೆ ಬಾನೆಟ್ ಎತ್ತಿದ ಡೀಸೆಲ್ ಸ್ವಿಫ್ಟ್ ನಿಂತಿರುತ್ತದೆ. ಕೆಟ್ಟಿದೆ ಎಂದು ಕನಿಕರಪಡಬೇಡಿ, ಅದು ಪ್ರದರ್ಶನ. ಪಕ್ಕದಲ್ಲಿ ಕೈಕಟ್ಟಿ ನಿಂತವನೇ ಟರ್ಬೊ ಅಣ್ಣ. ಹೊಟ್ಟೆಪಾಡಿಗೆ ಕಬ್ಬು, ಬಾಯಿಪಾಡಿಗೆ ಬೂಸ್ಟು. 2020ರಲ್ಲಿ ಮಾರುತಿಯವರು ಡೀಸೆಲ್ ಕಾರು ಮಾಡುವುದನ್ನೇ ಬಿಟ್ಟ ಮೇಲಂತೂ ಅವನ 1,248 ಸಿಸಿ ಎಂಜಿನ್ನಿಗೆ ಪಿತ್ರಾರ್ಜಿತ ಆಸ್ತಿಯ ಗತ್ತು ಬಂದಿದೆ.

"ಕಂಪ್ನಿ ಟರ್ಬೊನೇ ಕನಣ್ಣ, ರೀಮ್ಯಾಪ್ ಒಂದ್ ಮಾಡ್ಸಿವ್ನಿ. 1.4 ಬಾರ್. ಪೂರಾ ಸೇಫು."

ಕೊಳ್ಳೇಗಾಲದಿಂದ ಇಂಥವನೇ ಇನ್ನೊಬ್ಬ ಬಂದು ತನ್ನದು 2.4 ಬಾರ್ ಎಂದುಬಿಟ್ಟ. ಟೀ ಆರಿತು, ಜಗಳ ಆರಲಿಲ್ಲ. ಕೊನೆಗೆ ನೋಡಿದರೆ ಅವನದು ಓಬಿಡಿ ಯಂತ್ರದ ಲೆಕ್ಕ, ನಾವು ಉಸಿರಾಡುವ ಗಾಳಿಯ ಸುಮಾರು 1 ಬಾರೂ ಅದರಲ್ಲಿ ಸೇರಿತ್ತು. ಇವನದು ಡ್ಯಾಶ್‌ಬೋರ್ಡಿಗೆ ಅಂಟಿಸಿದ ಗೇಜಿನ ಲೆಕ್ಕ, ಅದನ್ನು ಕಳೆದದ್ದು. ಇಬ್ಬರದೂ ಒಂದೇ! ಸಮಾಧಾನವಾಗಬೇಕಿತ್ತು. ಸರಿಸಮನೆಂಬ ಅವಮಾನ ತಡೆಯಲಾರದೆ ಟರ್ಬೊ ಅಣ್ಣ ಮುಂದಿನ ವಾರವೇ 1.6ಕ್ಕೆ ಏರಿಸಿದ. ಅದೂ ಸೇಫೇ.

ತಿಳಿಯದವನಲ್ಲ ಅವನು. ನಿಂಬೆಹಣ್ಣಿನಷ್ಟು ಚಕ್ರ ನಿಮಿಷಕ್ಕೆ ಎರಡು ಲಕ್ಷ ಸುತ್ತು ಸುತ್ತುವುದನ್ನೂ, ಬೆಟ್ಟದ ತೆಳು ಗಾಳಿಯಲ್ಲಿ ಅಷ್ಟೇ ಬೂಸ್ಟಿಗೆ ಅದು ಇನ್ನೂ ಜೋರಾಗಿ ತಿರುಗಬೇಕಾಗುವುದನ್ನೂ, ಬಿಸಿ ಹೆಚ್ಚಿ ಬೇರಿಂಗ್ ಹೋಗುವುದನ್ನೂ ಅವನಷ್ಟು ಚೆನ್ನಾಗಿ ಹೇಳುವವರಿಲ್ಲ. ಎಲ್ಲ ಬೇರೆಯವರ ಟರ್ಬೊಗೆ ಅನ್ವಯ. ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡದ ಕಾನೂನಿದೆ ಎಂದು ನೆನಪಿಸಿದರೆ ಮಾತ್ರ ಗೇಜಿನ ಮೇಲೆ ಕರ್ಚೀಫು ಹಾಸುತ್ತಾನೆ.

ಇಷ್ಟೆಲ್ಲ ಶಕ್ತಿ ಓಡುವುದೆಲ್ಲಿ? ಊರೊಳಗೆ ಹಂಪು. ಹೊರಗೆ ಕಬ್ಬಿನ ಟ್ರ್ಯಾಕ್ಟರು; ಅದನ್ನು ದಾಟಿದರೆ ರಸ್ತೆ ತುಂಬ ಒಕ್ಕಣೆಗೆ ಹರಡಿದ ಹುರುಳಿ. ಅದರ ಮೇಲೆ ಅವನು ಎರಡನೇ ಗೇರಿನಲ್ಲಿ ಸಾಗುವಾಗ ಹುರುಳಿಯವರು ಇನ್ನೊಂದು ಸಲ ಬನ್ನಿ ಎಂದು ಪ್ರೀತಿಯಿಂದ ಕರೆಯುತ್ತಾರೆ.

ಉಳಿದದ್ದು ಬಿಳಿಗಿರಿರಂಗನ ಬೆಟ್ಟ. ಅದು ಹುಲಿ ಕಾಡು, ಮೆಲ್ಲಗೇ ಹೋಗಬೇಕು. ಆದರೂ ಹೊರಟ. ಹಿಂದಿನ ಸೀಟಿನಲ್ಲಿ ಹೆಂಡತಿ, ಮಗು, ಪೂಜೆಯ ಬುಟ್ಟಿ. ಗುಂಬಳ್ಳಿ ಚೆಕ್‌ಪೋಸ್ಟಿನಲ್ಲಿ ಗಾರ್ಡು ಕಿಟಕಿಗೆ ಬಗ್ಗಿ ಕೇಳಿದ: "ಪ್ಲಾಸ್ಟಿಕ್ ಏನಾರ ಅದಾ?"

ಟರ್ಬೊ ಅಣ್ಣ ತಲೆ ತಗ್ಗಿಸಿದ. "ಇಂಟರ್‌ಕೂಲರ್ ಪೈಪ್ ಒಂದ್ ಉಳ್ಕಂಡದ ಸಾ. ಬರೋ ತಿಂಗ್ಳು ಅದ್ನೂ ಅಲ್ಯೂಮಿನಿಯಂ ಮಾಡುಸ್ತೀನಿ."