ಕಣ್ಣು ಮುಚ್ಚಿ ಹಾಡುವವರ ಊರಿನಲ್ಲಿ

ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಲ್ಲಿ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ. ಜಗತ್ತಿನಲ್ಲೇ ಅತಿ ಉದ್ದದ್ದು. 2023ರ ಮಾರ್ಚ್‌ನಲ್ಲಿ ಅದರ ಉದ್ಘಾಟನೆಯಾದಾಗ ಊರಿಗೆ ಊರೇ ಬೀಗಿತು. ಬೀಗದೆ ಉಳಿದವನು ಒಬ್ಬನೇ: ಸಿನಿಮಾದವರ, ಸಂಗೀತದವರ ಫೋಟೋ ತೆಗೆದು ಹೊಟ್ಟೆ ಹೊರೆಯುತ್ತೇನೆಂದು ಹೊರಟ ಇಲ್ಲಿಯ ಫೋಟೋಗ್ರಾಫರ್. ರೈಲೇನೋ ಅಷ್ಟು ಉದ್ದ ಇರುವುದಿಲ್ಲ. ಆದರೆ ಅದು ಯಾವ ತುದಿಗೆ ನಿಲ್ಲುತ್ತದೆ, ನಟ ಯಾವ ಬೋಗಿಯಿಂದ ಇಳಿಯುತ್ತಾನೆ ಎಂಬುದು ದೇವರಿಗೂ ಟಿ.ಸಿ.ಗೂ ಮಾತ್ರ ಗೊತ್ತು. ಈ ತುದಿಯಲ್ಲಿ ಕಾದವನು ಕೊರಳಲ್ಲಿ ಎರಡು ಕ್ಯಾಮೆರಾ ತೂಗಿಕೊಂಡು ಆ ತುದಿಗೆ ಓಡಿ ಮುಟ್ಟುವಷ್ಟರಲ್ಲಿ ನಟ ಹೋಟೆಲ್ ಸೇರಿ, ಸ್ನಾನ ಮುಗಿಸಿ, ಇಡ್ಲಿಗೆ ಹೇಳಿರುತ್ತಾನೆ.

ಈ ಫೋಟೋಗ್ರಾಫರ್ ಒಬ್ಬನೇ ಅಲ್ಲ. ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯಿಂದ ಧಾರವಾಡದ ಸುಭಾಸ ರಸ್ತೆಯವರೆಗೆ ಹುಡುಕಿದರೆ ಓಣಿಗೊಬ್ಬ ಸಿಗುತ್ತಾನೆ. ಆದ್ದರಿಂದ ಅವನಿಗೆ ಹೆಸರಿಡುವ ಗೋಜು ಬೇಡ. ಬೆನ್ನಿಗೆ ಚೀಲ, ಜೇಬಿನಲ್ಲಿ ಚಿಗರಿ ಬಸ್ಸಿನ ಕಾರ್ಡು, ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಉದ್ಘಾಟನೆ, ಸಂಜೆ ಧಾರವಾಡದಲ್ಲಿ ಕಛೇರಿ. ಗುರುತಿಗೆ ಇಷ್ಟು ಸಾಕು.

ಮುಂಬೈಯಲ್ಲಿ ಇವನ ಜಾತಿಯವರ ಬದುಕು ಬೇರೆ. ಅಲ್ಲಿ ನಟಿ ವಿಮಾನ ನಿಲ್ದಾಣದ ಬಾಗಿಲಿಗೆ ಬಂದರೂ ಸುದ್ದಿ, ಜಿಮ್ ಮುಗಿಸಿ ಬೆವರೊರೆಸಿಕೊಂಡರೂ ಸುದ್ದಿ. ಡಬ್ಬೂ ರತ್ನಾನಿ 1999ರಿಂದ ತಾರೆಯರನ್ನು ತಿಂಗಳುಗಳ ಮೇಲೆ ಕೂರಿಸಿ ಕ್ಯಾಲೆಂಡರ್ ಮಾಡಿಯೇ ಹೆಸರಾದರು. ಗೋಕುಲ ರಸ್ತೆಯ ಹುಬ್ಬಳ್ಳಿ ವಿಮಾನ ನಿಲ್ದಾಣದ ಮುಂದೆಯೂ ಜನ ಕಾಯುತ್ತಾರೆ, ಹಾರ ಹಿಡಿದುಕೊಂಡು. ಆದರೆ ಅದು ಬೆಂಗಳೂರಿಂದ ಬರುವ ನಾಯಕರಿಗೆ. ಇನ್ನು ಊರಿನ ಖ್ಯಾತನಾಮರೋ, ತಾವಾಗಿಯೇ ಎಲ್ಲೆಂದರಲ್ಲಿ ಕಾಣಸಿಗುತ್ತಾರೆ. ರಾಷ್ಟ್ರಪ್ರಶಸ್ತಿ ಬಂದ ಗಾಯಕರು ಲೈನ್ ಬಜಾರಿನಲ್ಲಿ ಪೇಢೆಗೆ ನಿಂತಿದ್ದರೆ ಹಿಂದಿನವರು ಕಾಲಿಗೆ ಬೀಳುವುದಿಲ್ಲ, “ಲಗೂ ತಗೋರಿ ಸರ, ಬಸ್ ಹೊಂಟೈತಿ” ಅನ್ನುತ್ತಾರೆ. ಇಂಥ ಊರಿನಲ್ಲಿ ಗಿಡದ ಮರೆಗೆ ನಿಂತು ಯಾರ ಫೋಟೋ ಕದಿಯಬೇಕು?

ಧಾರವಾಡ ಸೀಮೆಯಲ್ಲಿ ಕ್ಯಾಮೆರಾದ ಮುಂದೆ ನಿಂತು ಮೊದಲು ಹೆಸರು ಮಾಡಿದವರು ಮನುಷ್ಯರಲ್ಲ, ದೇವಸ್ಥಾನಗಳು. ಮುಂಬೈ ಸರ್ಕಾರ 1855ರಲ್ಲಿ ಥಾಮಸ್ ಬಿಗ್ಸ್ ಎಂಬ ಫೌಜಿನ ಅಧಿಕಾರಿಯನ್ನು ಸರ್ಕಾರಿ ಫೋಟೋಗ್ರಾಫರ್ ಎಂದು ನೇಮಿಸಿತು. ಆತನ ಬೆನ್ನಿಗೆ ಡಾಕ್ಟರ್ ಪಿಗೌ ಎಂಬ ವೈದ್ಯನೂ ನೀಲ್ ಎಂಬ ಇನ್ನೊಬ್ಬ ಅಧಿಕಾರಿಯೂ ಬಂದರು. ಈ ಮೂವರ ಚಿತ್ರಗಳನ್ನು ಸೇರಿಸಿ ಲಂಡನ್ನಿನಲ್ಲಿ 1866ರಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪದ ದೊಡ್ಡ ಪುಸ್ತಕ ಅಚ್ಚಾಯಿತು. ಬರೆದವರು ಮೆಡೋಸ್ ಟೇಲರ್ ಮತ್ತು ಫರ್ಗ್ಯುಸನ್. ಆ ಕಾಲದ ಕ್ಯಾಮೆರಾಕ್ಕೆ ದೇವಸ್ಥಾನಕ್ಕಿಂತ ಒಳ್ಳೆಯ ಗಿರಾಕಿ ಇರಲಿಲ್ಲ. ಅಲುಗಾಡುವುದಿಲ್ಲ, ಕಣ್ಣು ಮಿಟುಕಿಸುವುದಿಲ್ಲ, “ಇದರಾಗ ನಾ ದಪ್ಪ ಕಾಣಸ್ತೇನಿ, ಇನ್ನೊಂದು ತಗೀರಿ” ಎಂದು ಕೇಳುವುದಿಲ್ಲ. ಡಾಕ್ಟರ್ ಪಿಗೌ ಇಂದು ಬಂದು ಮದುವೆ ಮನೆಯಲ್ಲಿ ಬೀಗರ ಗುಂಪಿನ ಫೋಟೋ ತೆಗೆಯಬೇಕಾಗಿದ್ದರೆ ಮಾತ್ರೆ ಬರೆಯುವ ಕೆಲಸಕ್ಕೇ ವಾಪಸಾಗುತ್ತಿದ್ದ.

ದೇವಸ್ಥಾನದ ಸರದಿ ಮುಗಿದು ಮನುಷ್ಯರ ಸರದಿ ಬಂದಾಗ ಇಲ್ಲಿ ಇನ್ನೊಂದು ತೊಡಕು. ಹುಬ್ಬಳ್ಳಿ ಧಾರವಾಡದ ಪ್ರಸಿದ್ಧಿ ಕಿವಿಯಿಂದ ಬಂದದ್ದು. ಗ್ರಾಮಫೋನ್ ತಟ್ಟೆಯಿಂದ ಬಂತು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯಿಂದ ಬಂತು. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಗಂಗೂಬಾಯಿ ಹಾನಗಲ್ ಇವರ ದನಿ ಕೇಳದ ಮನೆ ಇಲ್ಲಿರಲಿಲ್ಲ. ಮುಖ ಹೇಗಿದೆ ಎಂದು ಕೇಳಿದ್ದರೆ ಅರ್ಧ ಊರು ತಡವರಿಸುತ್ತಿತ್ತು. ಗಂಗೂಬಾಯಿಯವರ ಕತೆಯಂತೂ ಸ್ವಾರಸ್ಯದ್ದು. ಅವರ ಆರಂಭದ ತಟ್ಟೆಗಳ ಮೇಲೆ ಅಚ್ಚಾದ ಹೆಸರೇ ಬೇರೆ, ‘ಗಾಂಧಾರಿ’ ಎಂದು. ಮುಂದೆ ಗಂಟಲಿಗೆ ಚಿಕಿತ್ಸೆಯಾಗಿ ದನಿ ಗಡುಸಾಯಿತು. ಹೆಸರು ಒಬ್ಬರದು, ದನಿ ಗಂಡಸಿನದು, ಹಾಡುವವರು ಮೂಗುಬೊಟ್ಟಿನ ತಾಯಿ! ರೇಡಿಯೋದಲ್ಲಿ ಮಾತ್ರ ಕೇಳಿದವರಿಗೆ ಈ ಲೆಕ್ಕ ಕೂಡಿಸಿಕೊಡಲು ಒಂದು ಫೋಟೋ ಬೇಕೇ ಬೇಕಿತ್ತು. ಈಗ ಹುಬ್ಬಳ್ಳಿಯ ದೇಶಪಾಂಡೆ ನಗರದ ಅವರ ಮನೆ ‘ಗಂಗಾಲಹರಿ’ಯಲ್ಲಿ ಅಂಥ ಚಿತ್ರಗಳು ಗೋಡೆಯ ಮೇಲಿವೆ. ಧಾರವಾಡದಲ್ಲಿ ಮನ್ಸೂರರ ಮನೆ ‘ಮೃತ್ಯುಂಜಯ’ವೂ ಸ್ಮಾರಕವಾಗಿದೆ.

ಹಾಡುಗಾರರ ಫೋಟೋ ತೆಗೆಯುವುದು ಸಿನಿಮಾ ನಟರ ಫೋಟೋ ತೆಗೆದ ಹಾಗಲ್ಲ. ನಟನಿಗೆ ಕ್ಯಾಮೆರಾ ಎಲ್ಲಿದೆ ಎಂದು ಬೆನ್ನಿನಿಂದಲೂ ಗೊತ್ತಾಗುತ್ತದೆ. ಖ್ಯಾಲ್ ಹಾಡುವವರಿಗೆ ಕ್ಯಾಮೆರಾ ಹಾಗಿರಲಿ, ಎದುರಿಗೆ ಸಭೆ ಇದೆ ಎಂಬುದೂ ಮರೆತಿರುತ್ತದೆ. ಕಣ್ಣು ಮುಚ್ಚಿದೆ, ಬಾಯಿ ತೆರೆದಿದೆ, ಅರ್ಧ ಮುಖವನ್ನು ಮೈಕು ನುಂಗಿದೆ. ಉಳಿದರ್ಧಕ್ಕೆ ಹಿಂದೆ ಕುಳಿತ ಶಿಷ್ಯನ ತಂಬೂರಿ ಕೊಂಬು ಮೂಡಿಸಿದೆ. ಭೀಮಸೇನ ಜೋಶಿಯವರು ಹಾಡುವಾಗ ಕೈ, ಕೊರಳು, ಇಡೀ ಮೈ ತಾನಿನ ಬೆನ್ನು ಹತ್ತುತ್ತಿತ್ತು. ಸರಿಯಾದ ಕ್ಷಣಕ್ಕೆ ಒತ್ತಿದರೆ ಚಿತ್ರದಲ್ಲಿ ರಾಗ ಕಾಣಿಸುತ್ತಿತ್ತು, ಅರೆ ಕ್ಷಣ ತಡವಾದರೆ ಹಲ್ಲುನೋವು ಕಾಣಿಸುತ್ತಿತ್ತು. ರೀಲಿನ ಕಾಲದಲ್ಲಿ ಇದ್ದದ್ದು ಮೂವತ್ತಾರು ಫ್ರೇಮು. ವಿಲಂಬಿತದಲ್ಲೇ ಮೂವತ್ತು ಖರ್ಚು ಮಾಡಿದವನು ದ್ರುತ್ ಬಂದಾಗ ಕೈ ಕಟ್ಟಿ ಕೂತು ಸಂಗೀತ ಕೇಳಬೇಕಾಗುತ್ತಿತ್ತು. ಕೆಲವರಿಗೆ ಸಂಗೀತ ಹತ್ತಿದ್ದೇ ಹಾಗೆ.

ಫ್ಲ್ಯಾಶ್ ಹಾರಿಸುವಂತಿಲ್ಲ. ಹಾರಿಸಿದರೆ ಗಾಯಕರು ಸುಮ್ಮನಿದ್ದಾರು, ಮುಂದಿನ ಸಾಲಿನ ಪೆನ್ಶನ್‌ದಾರರು ಬಿಡುವುದಿಲ್ಲ. ಅವರು ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಯ ಅಹೋರಾತ್ರಿ ಸಂಗೀತ ಕೇಳಿ ಬೆಳೆದವರು. ಹಳೆಯ ಕ್ಯಾಮೆರಾದೊಳಗಿನ ಕನ್ನಡಿ ಎದ್ದು ಬಿದ್ದು ‘ಖಟಕ್’ ಅನ್ನುತ್ತದಲ್ಲ, ಅದು ಸರಿಯಾಗಿ ಸಮ್‌ಗೆ ಬಿದ್ದರೆ ಮಾಫಿ. ಖಾಲಿ ಜಾಗದಲ್ಲಿ ಬಿತ್ತೋ, ಮೂರು ತಲೆಗಳು ಒಟ್ಟಿಗೆ ತಿರುಗುತ್ತವೆ. “ತಾಳದಾಗ ಇರಪಾ ತಮ್ಮಾ” ಎಂದು ಒಬ್ಬರು ಮೆಲ್ಲಗೆ ಹೇಳುತ್ತಾರೆ. ಸದ್ದಿಲ್ಲದ ಮಿರರ್‌ಲೆಸ್ ಕ್ಯಾಮೆರಾ ಬಂದಾಗ ಜಗತ್ತಿನ ಫೋಟೋಗ್ರಾಫರುಗಳು ಅದರ ತೂಕ, ವೇಗ, ಬೆಲೆಯನ್ನು ಚರ್ಚಿಸಿದರು. ಹುಬ್ಬಳ್ಳಿಯ ಸವಾಯಿ ಗಂಧರ್ವ ಸಭಾಗೃಹದ ಮೂಲೆಯಲ್ಲಿ ನಿಲ್ಲುವವನು ಮಾತ್ರ ನಿಟ್ಟುಸಿರು ಬಿಟ್ಟ: ಇನ್ನು ಮೇಲೆ ತಾಳ ಕಲಿಯುವುದು ತಪ್ಪಿತು.

ಹಾಗೆ ತೆಗೆದ ಚಿತ್ರ ಪತ್ರಿಕೆಗೆ ಹೋದ ಮೇಲಿನ ಕತೆ ಇನ್ನೂ ಚೆಂದ. ಅಚ್ಚುಮೊಳೆಯ ಕಾಲದಲ್ಲಿ ಫೋಟೋ ಅಚ್ಚಾಗಬೇಕಾದರೆ ಲೋಹದ ಬ್ಲಾಕ್ ಮಾಡಿಸಬೇಕಿತ್ತು. ಅದಕ್ಕೆ ದುಡ್ಡು ಬೀಳುತ್ತಿತ್ತು. ಒಮ್ಮೆ ಮಾಡಿಸಿದ ಬ್ಲಾಕನ್ನು ಸಂಪಾದಕರು ಸುಲಭಕ್ಕೆ ಬಿಡುತ್ತಿರಲಿಲ್ಲ. ಗಾಯಕರಿಗೆ ನಲವತ್ತಾದಾಗ ಮಾಡಿಸಿದ್ದೇ ಅವರ ಐವತ್ತರ ಕಛೇರಿಗೆ, ಅರವತ್ತರ ಸನ್ಮಾನಕ್ಕೆ, ಎಪ್ಪತ್ತರ ಪ್ರಶಸ್ತಿಗೆ. ಓದುಗರ ಕಣ್ಣಲ್ಲಿ ಕಲಾವಿದರಿಗೆ ವಯಸ್ಸೇ ಆಗುತ್ತಿರಲಿಲ್ಲ. ಈಗ ಮೊಬೈಲಿನ ಆ್ಯಪುಗಳು ದುಡ್ಡು ತೆಗೆದುಕೊಂಡು ಮಾಡುವ ಕೆಲಸವನ್ನು ಅಂದು ಜಿಪುಣತನವೊಂದೇ ಪುಕ್ಕಟೆ ಮಾಡುತ್ತಿತ್ತು.

ಮುಖದಿಂದಲೇ ಹೆಸರಾದವರು ಈ ಊರಿನಲ್ಲಿ ಇಲ್ಲವೇ ಇಲ್ಲ ಎಂದಲ್ಲ. 1950ರಲ್ಲಿ ಧಾರವಾಡದಲ್ಲಿ ಹುಟ್ಟಿದ ಲೀನಾ ಚಂದಾವರ್ಕರ್ ಫಿಲ್ಮ್‌ಫೇರ್ ಪತ್ರಿಕೆಯ ಹೊಸ ಮುಖಗಳ ಸ್ಪರ್ಧೆಯಲ್ಲಿ ಕಾಣಿಸಿಕೊಂಡು, ಜಾಹೀರಾತುಗಳಲ್ಲಿ ನಕ್ಕು, ಕೊನೆಗೆ ಸುನೀಲ್ ದತ್ತರ ‘ಮನ್ ಕಾ ಮೀತ್’ ಮೂಲಕ ಹಿಂದಿ ಸಿನಿಮಾ ಸೇರಿದರು. ವಿನೋದ್ ಖನ್ನಾ ಕಾಲಿಟ್ಟದ್ದೂ ಅದೇ ಚಿತ್ರದಿಂದ. ಅಂಥ ಸ್ಪರ್ಧೆಗಳಿಗೆ ಮುಂಬೈಗೆ ಮೊದಲು ಹೋಗುತ್ತಿದ್ದದ್ದು ಮನುಷ್ಯರಲ್ಲ, ಅವರ ಫೋಟೋ. ಹುಡುಗಿಯೊಬ್ಬಳು ತಾರೆಯಾದಾಗ ಆಕೆಯ ಕಾಲೇಜು, ಓಣಿ, ಎದುರು ಮನೆಯ ಅಜ್ಜಿ ಎಲ್ಲರೂ ಪತ್ರಿಕೆಯಲ್ಲಿ ಬರುತ್ತಾರೆ. ಮೊದಲ ಫೋಟೋ ತೆಗೆದ ಸ್ಟುಡಿಯೋದವನನ್ನು ಯಾರೂ ಕೇಳುವುದಿಲ್ಲ. ನಮ್ಮ ಫೋಟೋಗ್ರಾಫರ್ ಈ ಮಾತನ್ನು ಮನಸ್ಸಿಗೆ ಹಚ್ಚಿಕೊಂಡಿದ್ದಾನೆ. ಪಾಸ್‌ಪೋರ್ಟ್ ಸೈಜಿಗೆ ಬರುವ ಪ್ರತಿ ಹುಡುಗಿಗೂ ಒಂದು ಹೆಚ್ಚಿನ ಕ್ಲಿಕ್ ಪುಕ್ಕಟೆ. ಭವಿಷ್ಯವನ್ನು ಯಾರು ಕಂಡಿದ್ದಾರೆ.

ಮನೆಯಲ್ಲಿ ಇದೆಲ್ಲ ನಡೆಯುವುದಿಲ್ಲ.

“ಫೋಟೋ ತಗದ ಹೊಟ್ಟಿ ತುಂಬತೈತೇನು?” ಎಂದು ಅಪ್ಪ ಕೇಳುತ್ತಾನೆ. ಮಗ ಬಿ.ವಿ.ಬಿ. ಕಾಲೇಜಿನಲ್ಲಿ ಇಂಜಿನಿಯರಿಂಗ್ ಮುಗಿಸಿ ಕ್ಯಾಮೆರಾ ಹಿಡಿದವನು.

“ರಘು ರಾಯ್ ಸುದ್ದಾ ಸಿವಿಲ್ ಇಂಜಿನಿಯರ್ ಇದ್ದರಪಾ.”

“ಹಂಗಾರ ಮೊದಲ ಯಾರ ಫೋಟೋ ತಗದರಂತ? ಇಂದಿರಾ ಗಾಂಧೀದೇನು?”

ಇಲ್ಲಿ ಮಗ ಸುಮ್ಮನಾಗುತ್ತಾನೆ. ಏಕೆಂದರೆ ಮುಂದೆ ಇಂದಿರಾ ಗಾಂಧಿ, ಮದರ್ ತೆರೇಸಾ, ದೇಶದ ದೊಡ್ಡ ಸಂಗೀತಗಾರರು ಎಲ್ಲರನ್ನೂ ತೆಗೆದ ರಘು ರಾಯ್ ಅವರ ಮೊದಲ ಪ್ರಸಿದ್ಧ ಚಿತ್ರ ಕತ್ತೆಮರಿಯದು. ಎರಡು ಮೂರು ತಾಸು ಅದರ ಬೆನ್ನು ಬಿದ್ದು ತೆಗೆದದ್ದು. ಅಣ್ಣ ಎಸ್. ಪಾಲ್ ಅದನ್ನು ಲಂಡನ್ನಿನ ‘ದಿ ಟೈಮ್ಸ್’ಗೆ ಕಳಿಸಿದರು, ಅಲ್ಲಿ ದೊಡ್ಡದಾಗಿ ಅಚ್ಚಾಯಿತು. ಈ ಸತ್ಯವನ್ನು ಅಪ್ಪನಿಗೆ ಹೇಳಿದರೆ ಅವನು ಕೊಡುವ ಉತ್ತರ ಮಗನಿಗೆ ಗೊತ್ತು. ಅದಕ್ಕಾಗಿ ಅವನು ಗೌತಮ ರಾಜಾಧ್ಯಕ್ಷರ ಉದಾಹರಣೆ ಎತ್ತುತ್ತಾನೆ: ರಸಾಯನಶಾಸ್ತ್ರ ಓದಿದವರು, ಲಿಂಟಾಸ್ ಜಾಹೀರಾತು ಸಂಸ್ಥೆಯ ನೌಕರಿ ಇದ್ದಾಗಲೇ 1980ರ ಸುಮಾರಿಗೆ ಶಬಾನಾ ಆಜ್ಮಿಯಂಥವರ ಚಿತ್ರ ತೆಗೆಯತೊಡಗಿದರು, ನೌಕರಿ ಬಿಟ್ಟದ್ದು 1987ರಲ್ಲಿ. ಅಪ್ಪ ಕೊನೆಯ ಸಂಗತಿಯನ್ನಷ್ಟೇ ಹಿಡಿದುಕೊಳ್ಳುತ್ತಾನೆ. “ನೋಡಿದಿ? ಏಳು ವರ್ಷ ನೌಕರಿ ಬಿಟ್ಟಿಲ್ಲ.”

ಅಪ್ಪನ ಮಾತಿನಲ್ಲಿ ಹುರುಳಿದೆ. ಅವಳಿ ನಗರದಲ್ಲಿ ಖ್ಯಾತರ ಫೋಟೋಗ್ರಾಫರಿಗೆ ಖ್ಯಾತರು ದುಡ್ಡು ಕೊಡುವುದಿಲ್ಲ. ಕೊಡುವವರು ಪಕ್ಕದಲ್ಲಿ ನಿಂತವರು. ಇದು ಈ ಉದ್ಯೋಗದ ಬೀಜಮಂತ್ರ. ಯಾವ ಡಿಪ್ಲೊಮಾದಲ್ಲೂ ಹೇಳಿಕೊಡುವುದಿಲ್ಲ. ವಿದ್ಯಾವರ್ಧಕ ಸಂಘದಲ್ಲಿ ಹಿರಿಯ ಕವಿಗೆ ಸನ್ಮಾನ ಎಂದುಕೊಳ್ಳಿ. ಶಾಲು ಹೊದಿಸುವವರೊಬ್ಬರು, ಪೇಟ ತೊಡಿಸುವವರೊಬ್ಬರು, ಹಣ್ಣಿನ ಬುಟ್ಟಿಗೆ ಇಬ್ಬರು, ಬುಟ್ಟಿಯ ಅಂಚನ್ನು ಬರೀ ಮುಟ್ಟುವವರು ಆರು ಮಂದಿ. ಹಾರ ಹಾಕುವ ಕೈ ಗಾಳಿಯಲ್ಲೇ ನಿಂತಿದೆ, ಮುಖ ಮಾತ್ರ ಕ್ಯಾಮೆರಾದತ್ತ ತಿರುಗಿದೆ. ಕವಿ ಹಾರದೊಳಗೆ ತಲೆ ಅರ್ಧ ತೂರಿಸಿ, “ಮುಗೀತೇನು?” ಎಂದು ಕೇಳುತ್ತಿದ್ದಾರೆ. ಈ ಎಂಟು ಹತ್ತು ಮಂದಿಯಲ್ಲಿ ಪ್ರಿಂಟು ಕೇಳುವವರು ಎಂಟು ಹತ್ತು ಮಂದಿ. ಕವಿ ಕೇಳುವುದಿಲ್ಲ, ಅವರ ಮನೆಯ ಅಟ್ಟದಲ್ಲಿ ಶಾಲುಗಳಿಗೇ ಜಾಗವಿಲ್ಲ.

ಗೋಷ್ಠಿಗಳದ್ದು ಇನ್ನೊಂದು ಪಾಡು. 2013ರಲ್ಲಿ ಧಾರವಾಡ ಸಾಹಿತ್ಯ ಸಂಭ್ರಮ ಶುರುವಾದಾಗ ನಾಡಿನ ಲೇಖಕರೆಲ್ಲ ಒಂದೇ ಆವರಣದಲ್ಲಿ ಸಿಗತೊಡಗಿದರು. ಫೋಟೋಗ್ರಾಫರಿಗೆ ಹಬ್ಬವಾಗಬೇಕಿತ್ತು. ಆದರೆ ವೇದಿಕೆಯ ಮೇಜಿನ ಮೇಲೆ ಹೂವಿನ ಕುಂಡ, ನೀರಿನ ಬಾಟಲಿ, ಹೆಸರಿನ ಫಲಕ. ಇವುಗಳ ಸಂದಿಯಲ್ಲಿ ವಿಮರ್ಶಕರ ಒಂದು ಕಣ್ಣು, ಕಾದಂಬರಿಕಾರರ ಮೀಸೆಯ ಎಡಭಾಗ. ಕನ್ನಡ ಸಾಹಿತ್ಯದ ಬಾಟಲಿ ಯುಗ ಎಂದು ಯಾರಾದರೂ ಬರೆದರೆ ಚಿತ್ರಗಳ ಕೊರತೆಯಾಗದು.

ಚಿತ್ರ ತೆಗೆದಾಯಿತು, ಅದು ಯಾರದು? 1957ರ ಕೃತಿಸ್ವಾಮ್ಯ ಕಾಯಿದೆಯನ್ನು ಕೇಳಿದರೆ, ತಾನಾಗಿ ತೆಗೆದರೆ ಫೋಟೋಗ್ರಾಫರನದು. ಬೇರೆಯವರು ದುಡ್ಡು ಕೊಟ್ಟು ತೆಗೆಸಿದರೆ, ಬೇರೆ ಕರಾರಿಲ್ಲದಿದ್ದಾಗ, ತೆಗೆಸಿದವರದು. ಪ್ರಕಟವಾದ ಮೇಲೆ ಅರವತ್ತು ವರ್ಷ ಹಕ್ಕು ಇರುತ್ತದೆ. ಅತ್ತ ಅಮಿತಾಭ್ ಬಚ್ಚನ್ 2022ರಲ್ಲಿ, ಅನಿಲ್ ಕಪೂರ್ 2023ರಲ್ಲಿ ದೆಹಲಿ ಹೈಕೋರ್ಟಿಗೆ ಹೋಗಿ ತಮ್ಮ ಮುಖ, ದನಿ, ಹೆಸರನ್ನು ಅನುಮತಿಯಿಲ್ಲದೆ ಬಳಸದಂತೆ ಆದೇಶ ತಂದರು. ಅವಳಿ ನಗರದಲ್ಲಿ ಈ ಎರಡು ಕಾನೂನಿಗಿಂತ ಮೇಲಿನದು ಮೂರನೆಯದೊಂದಿದೆ, ವಾಟ್ಸಾಪ್ ಗ್ರೂಪಿನದು. “ಅಷ್ಟೂ ಫೋಟೋ ಗ್ರೂಪಿನ್ಯಾಗ ಬಿಡ್ರಿ” ಎಂದು ಸಂಘಟಕರು ಹೇಳಿದ ಮೇಲೆ ಅರವತ್ತು ವರ್ಷದ ಹಕ್ಕು ಅರವತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ. ಮೂಲೆಯಲ್ಲಿ ಹಾಕಿದ ಅವನ ಹೆಸರನ್ನು ಕತ್ತರಿಸಿ ‘ಶುಭೋದಯ’ ಎಂದು ಬರೆದ ಅದೇ ಚಿತ್ರ ಮರುದಿನ ಅವನಿಗೇ ವಾಪಸು ಬರುತ್ತದೆ.

ಈಚೆಗೆ ಸಿನಿಮಾದವರು ಬೆಂಗಳೂರಿನಾಚೆಗೂ ವೇದಿಕೆ ಹಾಕುತ್ತಿದ್ದಾರೆ. 2021ರ ಫೆಬ್ರುವರಿಯಲ್ಲಿ ‘ರಾಬರ್ಟ್’ ಚಿತ್ರದ ಬಿಡುಗಡೆಗೆ ಮುಂಚಿನ ದೊಡ್ಡ ಸಮಾರಂಭ ಹುಬ್ಬಳ್ಳಿಯಲ್ಲೇ ಆಯಿತು. ಇಂಥ ಜಾತ್ರೆಗಳಲ್ಲಿ ನಮ್ಮವನಿಗೆ ಮಾಧ್ಯಮದ ಪಾಸೇನೋ ಸಿಗುತ್ತದೆ. ಅದನ್ನು ಕೊರಳಿಗೆ ಹಾಕಿಕೊಂಡು ತಡೆಗೋಡೆಯ ಹತ್ತಿರ ನಿಂತರೆ ಎದುರಿಗೆ ಸಾವಿರಾರು ಮೊಬೈಲುಗಳು ಎದ್ದು ನಿಲ್ಲುತ್ತವೆ. ನಟ ಒಂದೊಂದು ಮೊಬೈಲಿನೊಳಗೂ ಪುಟ್ಟದಾಗಿ ಕಾಣುತ್ತಾನೆ. ನೇರವಾಗಿ ಮಾತ್ರ ಕಾಣುವುದಿಲ್ಲ. ಲೆನ್ಸಿಗೆ ಸಾಲ ಮಾಡಿದ್ದು ನೆನಪಾಗಿ ಅವನು ಸ್ಪೀಕರಿನ ಕಟ್ಟೆ ಹತ್ತುತ್ತಾನೆ, ಬೌನ್ಸರ್ ಇಳಿಸುತ್ತಾನೆ, ಮತ್ತೆ ಹತ್ತುತ್ತಾನೆ. ಹೇಗೋ ಒಂದು ಒಳ್ಳೆಯ ಫ್ರೇಮು ಸಿಗುತ್ತದೆ: ನಟ ತಲೆಯೆತ್ತಿ ನಗುತ್ತಿದ್ದಾನೆ, ಬೆಳಕು ಕೆನ್ನೆಯ ಮೇಲಿದೆ, ಬಲ ಅಂಚಿನಲ್ಲಿ ಯಾರದೋ ಮೊಣಕೈ.

ಮರುದಿನ ಬೆಳಿಗ್ಗೆ ಅಂಗಡಿಯ ಷಟರ್ ಎತ್ತುವ ಮೊದಲೇ ಮೊಣಕೈಯ ಮಾಲೀಕರು ಹಾಜರಿರುತ್ತಾರೆ. ಊರಿನ ಪೆಂಡಾಲು ಗುತ್ತಿಗೆದಾರರು.

“ನಿನ್ನೆ ಹೀರೋನ ಬಾಜೂಕ ನಾನ ನಿಂತಿದ್ನೆಲ್ಲ. ಆ ಫೋಟೋ ದೊಡ್ಡದ ಮಾಡಿ ಫ್ರೇಮ್ ಹಾಕಿ ಕೊಡ್ರಿ. ಆಫೀಸಿಗೆ ಬೇಕು.”

“ಅದರಾಗ ನಿಮ್ಮ ಮೊಣಕೈ ಅಷ್ಟ ಬಂದೈತ್ರೀ ಅಣ್ಣಾರ.”

“ಉಳಿದದ್ದು ಜೋಡಸ್ರೀ. ನಿಮ್ಮ ಕಂಪ್ಯೂಟರ್‌ನ್ಯಾಗ ಏನ ಬೇಕಾದ್ದು ಆಗತೈತೆಲ್ಲ. ಮತ್ತ ಹೀರೋನ್ನ ಒಂದೀಟ ಸಣ್ಣ ಮಾಡ್ರಿ, ಭಾಳ ಜಾಗಾ ತಗೊಂಡಾನ.”

ಅವನು ಬೋರ್ಡಿನ ಕಡೆ ನೋಡುತ್ತಾನೆ. ಸೆಲೆಬ್ರಿಟಿ ಫೋಟೋಗ್ರಾಫರ್ ಎಂದು ಅವನೇ ಬರೆಸಿದ್ದು. ಆಮೇಲೆ ಪರದೆ ಇಳಿಬಿಟ್ಟು, ಗುತ್ತಿಗೆದಾರರನ್ನು ಸ್ಟೂಲಿನ ಮೇಲೆ ಕೂರಿಸಿ, ಗದ್ದ ತುಸು ಮೇಲೆತ್ತಿ, ನಟ ನಕ್ಕ ದಿಕ್ಕಿಗೇ ನಗಲು ಹೇಳಿ, ಅಡ್ವಾನ್ಸ್ ಐನೂರು ಇಸಿದುಕೊಳ್ಳುತ್ತಾನೆ.