ಶಿಡ್ಲಘಟ್ಟದ ಚಿಂತಾಮಣಿ

ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಿಂದ ಗೌರಿಬಿದನೂರಿನ ಬಸ್ಸು ಹೊರಟು, ಕಂಡಕ್ಟರು ಟಿಕೆಟ್ ಕೊಟ್ಟು ಮುಗಿಸಿದ ಮೇಲೆಯೇ ನಮ್ಮ ಮೇಷ್ಟ್ರಿಗೆ ಆ ಪ್ರಶ್ನೆ ಹುಟ್ಟುವುದು. ಮನೆಗೆ ಬೀಗ ಹಾಕುವಾಗ ಹುಟ್ಟುವುದಿಲ್ಲ. ಶಿಡ್ಲಘಟ್ಟದಲ್ಲಿ ಬಸ್ಸಿಗೆ ಅರ್ಧ ಗಂಟೆ ಕಾದಾಗಲೂ ಹುಟ್ಟುವುದಿಲ್ಲ. ಇನ್ನು ಇಳಿದು ವಾಪಸು ಹೋಗುವುದು ಆಗದ ಮಾತು ಎಂದು ಖಾತ್ರಿಯಾದ ಗಳಿಗೆಯಲ್ಲಿ ಕಿಟಕಿ ಪಕ್ಕ ಕೂತ ಹೆಂಡತಿಯ ಕಡೆ ತಿರುಗಿ, ಡ್ರೈವರಿಗೂ ಕೇಳಿಸುವಷ್ಟು ಗುಟ್ಟಾಗಿ ಕೇಳುತ್ತಾರೆ: "ಲೇ, ಗ್ಯಾಸ್ ಆಫ್ ಮಾಡಿದ್ಯಾ?"

"ನೀವೇ ಅಲ್ವೇನ್ರೀ ಮಾಡಿದ್ದು?"

"ನಾನು ಮಾಡಿದ್ದು ಗೊತ್ತು. ಆಮೇಲೆ ನೀನು ಹಾಲು ಕಾಯಿಸ್ಲಿಲ್ವಾ?"

"ಹಾಲೇ ಇರ್ಲಿಲ್ಲ."

"ಹಾಲಿಲ್ಲ ಅಂತ ಯಾವಾಗ ನೋಡ್ದೆ, ಆಫ್ ಮಾಡೋಕೆ ಮುಂಚೇನೋ, ಆಮೇಲೋ?"

ವಿಚಾರಣೆ ಮಂಚೇನಹಳ್ಳಿಯವರೆಗೆ ನಡೆಯುತ್ತದೆ. ಅಷ್ಟರಲ್ಲಿ ಬಸ್ಸಿನ ಅರ್ಧ ಜನಕ್ಕೆ ತಂತಮ್ಮ ಮನೆಯ ಗ್ಯಾಸಿನ ಮೇಲೂ ಅನುಮಾನ ಬಂದು, ಫೋನುಗಳು ಹೊರಗೆ ಬಂದಿರುತ್ತವೆ.

ಪಕ್ಕದ ತಾಲ್ಲೂಕಿಗೆ ಚಿಂತಾಮಣಿ ಅಂತ ಹೆಸರು. ಚಿಂತಾಮಣಿರಾಯರೆಂಬ ಮರಾಠ ಪಾಳೇಗಾರರಿಂದ ಬಂದದ್ದು ಎನ್ನುತ್ತಾರೆ. ಇರಬಹುದು. ನಮ್ಮ ಬೀದಿಯವರನ್ನು ಕೇಳಿದರೆ ಆ ಹೆಸರು ವಿಳಾಸ ತಪ್ಪಿ ಅಲ್ಲಿಗೆ ಹೋಗಿದೆ. ಸೇರಬೇಕಾಗಿದ್ದು ನಮ್ಮ ಮೇಷ್ಟ್ರ ಮನೆಗೆ.

ಮೇಷ್ಟ್ರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ರಿಟೈರಾದವರು. ನನಗೂ ಹೇಳಿದವರು, ನನಗೆ ಹತ್ತದಿದ್ದದ್ದು ಅವರ ತಪ್ಪಲ್ಲ. ನಾನು ಅವರ ಹಿಂದಿನ ಮನೆಯಲ್ಲಿ ರೇಷ್ಮೆ ಬಿಚ್ಚಾಣಿಕೆ ಇಟ್ಟುಕೊಂಡಿದ್ದೇನೆ. ಅವರ ಮನೆಯ ಇನ್ನೊಂದು ಬೀಗದ ಕೈ ನನ್ನ ಹತ್ತಿರ ಇರುತ್ತದೆ. ಆ ಬೀಗದ ಕೈಯಿಂದಾಗಿ ಅವರು ಬಸ್ಸು ಹತ್ತಿದ ದಿನ ನನಗೆ ಕೆಲಸ ಕೆಡುತ್ತದೆ.

ಅವರು ಗ್ಯಾಸ್ ಆಫ್ ಮಾಡುವುದನ್ನು ಒಂದು ಸಲ ನೋಡಬೇಕು. ಒಲೆಯ ಗುಂಡಿ ತಿರುಗಿಸಿ, ರೆಗ್ಯುಲೇಟರ್ ಬಂದ್ ಮಾಡಿ, ಅದನ್ನು ಸಿಲಿಂಡರಿನಿಂದಲೇ ಕಿತ್ತು, ಬಿಳಿ ಮುಚ್ಚಳ ಟಕ್ಕೆಂದು ಕೂರಿಸುತ್ತಾರೆ. ಆಮೇಲೆ ಪಂಚೆ ಎತ್ತಿ ಕಟ್ಟಿ, ಮಂಡಿಯೂರಿ, ಮೂಗನ್ನು ನೆಲಕ್ಕೆ ತಾಗಿಸಿ ಮೂಸುತ್ತಾರೆ. ಹೊರಗಿನಿಂದ ನೋಡಿದವರಿಗೆ ಸಿಲಿಂಡರಿಗೆ ಸಾಷ್ಟಾಂಗ ಹಾಕಿದಂತೆ ಕಾಣುತ್ತದೆ. "ಗ್ಯಾಸು ಗಾಳಿಗಿಂತ ಭಾರ ಕಣಯ್ಯಾ. ಮೇಲಕ್ಕೆ ಹೋಗಲ್ಲ, ಬೆಕ್ಕಿನ ಹಾಗೆ ನೆಲದಲ್ಲೇ ಸುಳಿದಾಡುತ್ತೆ. ಅದಕ್ಕೆ ಸ್ವಂತ ವಾಸನೆ ಅನ್ನೋದೂ ಇಲ್ಲ. ನಮ್ಮಂಥೋರ ಮೂಗಿಗೆ ಗೊತ್ತಾಗ್ಲಿ ಅಂತ ಈಥೈಲ್ ಮರ್ಕ್ಯಾಪ್ಟನ್ ಬೆರೆಸಿರ್ತಾರೆ." ಇದರಲ್ಲಿ ಒಂದಕ್ಷರ ತಪ್ಪಿಲ್ಲ.

ಅಡುಗೆಮನೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ದಪ್ಪಗೆ 1906 ಎಂದು ಬರೆದಿದ್ದಾರೆ. ಹೊಸಬರು ಅದನ್ನು ಮನೆ ಕಟ್ಟಿದ ಇಸವಿ ಅಂದುಕೊಂಡು, "ಆಗಿನ ಕಾಲದ ಗೋಡೆ, ಎಷ್ಟು ಗಟ್ಟಿ ನೋಡಿ!" ಎಂದು ತಟ್ಟಿ ನೋಡುತ್ತಾರೆ. ಅದು ಗ್ಯಾಸ್ ಸೋರಿದರೆ ಫೋನ್ ಮಾಡಬೇಕಾದ ನಂಬರು.

ಇಷ್ಟೆಲ್ಲ ಇದ್ದರೂ, ಸಿಲಿಂಡರಿನಿಂದ ಒಲೆಗೆ ಹೋಗುವ ಪೈಪನ್ನು ಮಾತ್ರ ಮೇಷ್ಟ್ರು ಕಣ್ಣೆತ್ತಿಯೂ ನೋಡುವುದಿಲ್ಲ. ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕಾದ ಕಿತ್ತಳೆ ಬಣ್ಣದ ಪೈಪು. ಅದರ ಮೇಲೆ ಅಚ್ಚಾಗಿದ್ದ ಇಸವಿ, ಒರೆಸಿ ಒರೆಸಿ ಎಂದೋ ಅಳಿಸಿಹೋಗಿದೆ. ಒಲೆಯ ಹತ್ತಿರ ಬಾಗುವ ಕಡೆ ಚಳಿಗಾಲದ ಹಿಮ್ಮಡಿಯ ಹಾಗೆ ಬಿರುಕು. ಕೇಳಿದರೆ, "ಅದಕ್ಕೇನಾಗಿದೆ? ಗಟ್ಟಿಮುಟ್ಟಾಗಿದೆ." ಹಾಲಿನಲ್ಲಿರುವ ಟೇಬಲ್ ಫ್ಯಾನಿಗೆ ಪ್ಲಗ್ಗೇ ಇಲ್ಲ. ಎರಡು ಬರಿ ತಂತಿಗಳನ್ನು ತೂತಿಗೆ ತುರುಕಿ, ಜಾರದಂತೆ ಎರಡು ಬೆಂಕಿಕಡ್ಡಿ ಸಿಕ್ಕಿಸಿದ್ದಾರೆ. ಬೆಂಕಿಗೆ ಅಷ್ಟು ಹೆದರುವ ಮನುಷ್ಯ ಕರೆಂಟನ್ನು ಬೆಂಕಿಕಡ್ಡಿಯ ಜವಾಬ್ದಾರಿಗೆ ಬಿಟ್ಟಿದ್ದಾರೆ.

ಇನ್ನು ದೇವರ ಮನೆಯ ನಂದಾದೀಪ. ಅವರ ತಾಯಿಯ ಕಾಲದಿಂದ ಆರಿಲ್ಲ. ಅದರಿಂದ ಒಂದು ಗೇಣು ದೂರದಲ್ಲಿ ನೈಲಾನ್ ಪರದೆ. ಪರದೆಯ ಅಂಚಿನಲ್ಲಿ ರೂಪಾಯಿ ನಾಣ್ಯದಗಲದ ತೂತು, ಸುತ್ತ ಕಪ್ಪು. "ಇಲಿ ಕಡಿದಿದ್ದು" ಎನ್ನುತ್ತಾರೆ ಮೇಷ್ಟ್ರು. ಇಲಿಯ ಪಾತ್ರ ಇದ್ದರೂ ಇರಬಹುದು. ಎಣ್ಣೆಯ ಆಸೆಗೆ ಉರಿಯುವ ಬತ್ತಿಯನ್ನೇ ಎಳೆದುಕೊಂಡು ಹೋಗುವ ಇಲಿಗಳು ನಮ್ಮೂರಲ್ಲಿ ಬೇಕಾದಷ್ಟಿವೆ.

ಹೋದ ವರ್ಷ ಅಮೆರಿಕದ ಮಗಳು ಬಂದಾಗ ಹೊಗೆ ಅಲಾರಂ ತಂದಳು. ಅಲ್ಲಿ ಮಲಗುವ ಕೋಣೆಗೊಂದು, ಮಹಡಿಗೊಂದು ಇರುತ್ತದಂತೆ. ಚಕ್ಕುಲಿ ಡಬ್ಬದ ಮುಚ್ಚಳದಷ್ಟಗಲ, ಬೆಳ್ಳಗೆ, ನಡುವೆ ಒಂದು ಗುಂಡಿ. ಮೇಷ್ಟ್ರು ಗುಂಡಿ ಒತ್ತಿದ್ದೇ ತಡ ಅದು ಕಿರುಚಿದ ಕಿರುಚಾಟಕ್ಕೆ ಬೀದಿಯೆಲ್ಲ ಹಾಲಿನಲ್ಲಿ ಬಂದು ನಿಂತಿತು. ಬಂದವರಿಗೆ ಪಾಠ ತಪ್ಪಲಿಲ್ಲ.

"ಏನಪ್ಪಾ, ಟಿಂಡಾಲ್ ಪರಿಣಾಮ ಅಂದ್ರೇನು?" ನನ್ನನ್ನೇ ಕೇಳಿದರು. ನಲವತ್ತು ದಾಟಿದವನು ಬೆಂಚಿನ ಮೇಲೆ ನಿಲ್ಲುವ ಪರಿಸ್ಥಿತಿ. "ನಿನ್ನ ಬಿಚ್ಚಾಣಿಕೆ ಮನೇಲಿ ಹೆಂಚಿನ ಸಂದಿಯಿಂದ ಬಿಸಿಲುಕೋಲು ಬೀಳುತ್ತಲ್ಲ, ಹೊಗೆ ಇದ್ರೆ ತಾನೇ ಅದು ಕಾಣೋದು? ಅದೇ! ಇದರೊಳಗೊಂದು ಪುಟ್ಟ ದೀಪ, ಮೂಲೆಯಲ್ಲೊಂದು ಕಣ್ಣು. ಸುಮ್ಮನಿದ್ರೆ ಬೆಳಕು ಆ ಕಣ್ಣಿಗೆ ಬೀಳಲ್ಲ. ಹೊಗೆ ನುಗ್ಗಿತೋ, ಬೆಳಕು ಚದುರಿ ಕಣ್ಣಿಗೆ ಹೊಡೆಯುತ್ತೆ, ಕೂಗಿಕೊಳ್ಳುತ್ತೆ."

ಜೀವನದಲ್ಲಿ ಮೊದಲ ಬಾರಿಗೆ ನನಗೆ ಅವರ ಪಾಠ ಪೂರ್ತಿ ಅರ್ಥವಾಯಿತು. ಅದೇ ಉಮೇದಿನಲ್ಲಿ ಕೇಳಿಬಿಟ್ಟೆ: "ಸಾರ್, ಗ್ಯಾಸ್ ಸೋರಿದ್ರೆ ಕೂಗುತ್ತಾ?"

ಮೇಷ್ಟ್ರ ಮುಖ ನೋಡಲಾಗಲಿಲ್ಲ. ಗ್ಯಾಸು ಹೊಗೆಯಲ್ಲ, ಅದು ನೆಲದ ಮೇಲೆ, ಇದು ಸೂರಿನ ಕೆಳಗೆ. ಒಂದೇ ಮನೆಯಲ್ಲಿದ್ದು ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ಹಾಗಂತ ಅಲಾರಂ ಕೆಲಸಕ್ಕೆ ಬಾರದ ವಸ್ತುವೇನಲ್ಲ. ನಿದ್ದೆಯಲ್ಲಿ ಮೂಗೂ ನಿದ್ದೆ ಹೋಗುತ್ತದೆ. ರಾತ್ರಿ ಹೊತ್ತಿಕೊಂಡ ಮನೆಗಳಲ್ಲಿ ಉರಿ ತಲುಪುವ ಮೊದಲೇ ಹೊಗೆ ಜನರನ್ನು ಮುಗಿಸಿರುತ್ತದೆ. ಮಲಗುವ ಕೋಣೆಯ ಬಾಗಿಲ ಬಳಿ ಹಾಕಿಸಿ, ಅಡುಗೆಮನೆಯಿಂದ ದೂರವಿರಲಿ ಎಂದು ಮಗಳು ಸಾರಿ ಸಾರಿ ಹೇಳಿಯೇ ವಿಮಾನ ಹತ್ತಿದಳು. ಅವಳು ಅತ್ತ ಹೋಗುತ್ತಲೂ ಮೇಷ್ಟ್ರು ಸ್ಟೂಲು ಹತ್ತಿ ಸರಿಯಾಗಿ ಅಡುಗೆಮನೆಯ ಬಾಗಿಲ ನೆತ್ತಿಗೇ ಮೊಳೆ ಹೊಡೆದರು. "ಬೆಂಕಿ ಹುಟ್ಟೋದೇ ಇಲ್ಲಿ, ಅಲ್ಲಿ ಹಾಕಿದ್ರೆ ಏನು ಪ್ರಯೋಜನ?"

ಶಿಡ್ಲಘಟ್ಟದಲ್ಲಿ ಹೊಗೆ ಎಂದರೆ ಅಪಾಯವಲ್ಲ, ಅನ್ನ. ನಾನು ಬೆಳಗಿನ ಜಾವ ಸೌದೆ ಒಟ್ಟಿ ಒಲೆ ಹೊತ್ತಿಸಿದರೆ ತಾನೇ ನೀರು ಕುದಿದು ಗೂಡಿನಿಂದ ಎಳೆ ಬಿಡುವುದು? ಗೂಡಿನ ಮಾರುಕಟ್ಟೆಗೆ ಇ-ಹರಾಜು ಬಂದ ಮೇಲೆ ಊರಲ್ಲಿ ಕೂಗಾಟ ಸ್ವಲ್ಪ ತಗ್ಗಿತ್ತು. ಆ ಕೊರತೆಯನ್ನು ಮೇಷ್ಟ್ರ ಅಲಾರಂ ತುಂಬಿತು. ನನ್ನ ಒಲೆಗೆ ಐದು ಗಂಟೆಗೆ ಕೂಗುತ್ತಿತ್ತು, ಎಂಟಕ್ಕೆ ಒಗ್ಗರಣೆಗೆ. ಎದುರು ಮನೆಯ ಬಾಣಂತಿಗೆ ಸಾಂಬ್ರಾಣಿ ಹಾಕಿದರೂ ಇದು ಇಲ್ಲಿ ಕೂಗುತ್ತಿತ್ತು. ಒಂದು ಮಧ್ಯಾಹ್ನ ಮೇಷ್ಟ್ರ ಹೆಂಡತಿ, ಬೀದಿಗೆಲ್ಲ ಅಕ್ಕ, ಖಾರದ ಪುಡಿಗೆಂದು ಒಣಮೆಣಸಿನಕಾಯಿ ಹುರಿಯಲು ಇಟ್ಟರು. ನಾಲ್ಕು ಮನೆಯವರು ಬಿಂದಿಗೆ ಹಿಡಿದು ಓಡಿಬಂದು, ಬಾಗಿಲಲ್ಲೇ ಆ ಘಾಟಿಗೆ ಕೆಮ್ಮುತ್ತಾ ಬಿಂದಿಗೆ ಕೆಳಗಿಟ್ಟು ಕೂತರು. ಒಬ್ಬರಿಗೂ ಸುಟ್ಟ ಗಾಯವಿಲ್ಲ, ಎಲ್ಲರ ಕಣ್ಣಲ್ಲೂ ನೀರು. ಅಲಾರಮ್ಮು ಮಾತ್ರ ಸೂರಿನಲ್ಲಿ ನಿಲ್ಲದೆ ಕೂಗುತ್ತಿತ್ತು.

ಆಮೇಲೊಂದು ಐಪಿಎಲ್ ರಾತ್ರಿ, ಕೊನೆಯ ಓವರಿನಲ್ಲಿ ಟೀವಿ ರಿಮೋಟಿನ ಸೆಲ್ಲು ಮುಗಿಯಿತು. ಅಂಗಡಿಗಳು ಮುಚ್ಚಿದ್ದವು. ಮೇಷ್ಟ್ರು ಒಂದು ಸಲ ಮೇಲಕ್ಕೆ ನೋಡಿದರು, ಒಂದು ಸಲ ಅಕ್ಕನನ್ನು ನೋಡಿದರು. ಅಕ್ಕ ತಾವೇ ಹೋಗಿ ಸ್ಟೂಲು ತಂದಿಟ್ಟರು.

ಮೊನ್ನೆ ವಿದುರಾಶ್ವತ್ಥದಲ್ಲಿ ನೆಂಟರ ಮನೆಯವರ ನಾಗಪ್ರತಿಷ್ಠೆಯೆಂದು ಇಬ್ಬರೂ ಹೊರಟರು. ಬಸ್ಸು ಮಂಚೇನಹಳ್ಳಿ ಮುಟ್ಟುತ್ತಲೇ ನನಗೆ ಫೋನು. ಕೈಯಲ್ಲಿದ್ದ ಗೂಡು ಬಿಟ್ಟು, ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಂಡು ಹೋಗಿ ಬೀಗ ತೆಗೆದೆ. ರೆಗ್ಯುಲೇಟರು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕಪಾಟಿನಲ್ಲಿತ್ತು. ಸಿಲಿಂಡರಿನ ನೆತ್ತಿಯ ಮೇಲೆ ಬಿಳಿ ಮುಚ್ಚಳ, ಅದರ ಮೇಲೊಂದು ತಾಮ್ರದ ಚೊಂಬು ಕವುಚಿತ್ತು. ಬಾಗಿಲ ಮೇಲೆ ಸೆಲ್ಲಿಲ್ಲದ ಅಲಾರಂ ಬೊಚ್ಚು ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿತ್ತು. ದೇವರ ಮನೆಯಲ್ಲಿ ದೀಪ ಸಣ್ಣಗೆ ಉರಿಯುತ್ತಿತ್ತು. ಕಿಟಕಿಯ ಗಾಳಿಗೆ ಪರದೆ ಅದರ ಹತ್ತಿರ ಹೋಗಿ ಬರುತ್ತಿತ್ತು.

"ಆಫ್ ಆಗಿದೆ ಸಾರ್."

"ಸರಿಯಾಗಿ ನೋಡಿದ್ಯಾ? ಮೂಸಿದ್ಯಾ?"

"ಮೂಸಿದೆ ಸಾರ್. ದೀಪ ಮಾತ್ರ ಉರೀತಾ ಇದೆ, ಆರಿಸ್ಲಾ?"

"ಅಯ್ಯೋ, ಕೆಟ್ಟ ಮಾತಾಡಬೇಡ!" ಬಸ್ಸಿನ ಸದ್ದಿನ ಮೇಲೆ ಅವರ ದನಿ ಏರಿತು. "ಉರೀತಾ ಇದೆಯಲ್ಲ, ಸದ್ಯ. ನಾವು ಬರೋದು ನಾಳೆ ರಾತ್ರಿ ಆಗುತ್ತೆ. ಹೇಗೂ ಬಂದಿದ್ದೀಯ, ಬಾಟ್ಲಿ ಅಲ್ಲೇ ಪಕ್ಕದಲ್ಲಿದೆ, ತುಂಬಾ ಎಣ್ಣೆ ಹಾಕಿಬಿಡಪ್ಪಾ."