ಇರುತಲೆ ಹಾವಿನ ವರ್ಣ-ಪಟ್ಟೆ ಲಕ್ಷಣ ನಿರ್ಣಯ: ಹಾರನಹಳ್ಳಿ ಪರಿಪ್ರೇಕ್ಷ್ಯದಲ್ಲಿ ಒಂದು ಅಂತರ್‌ಶಿಸ್ತೀಯ ಅಧ್ಯಯನ

0.1 ಪೀಠಿಕೆಗೆ ಪೀಠಿಕೆ

ಪ್ರಸ್ತುತ ಅಧ್ಯಯನದ ವ್ಯಾಪ್ತಿ ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ಸೀಮೆ. ಮಿತಿ, ಅಧ್ಯಯನಕಾರನ ತಿಳಿವಳಿಕೆ. ಹಾವನ್ನು ಹಾವು ಎಂದು ಬರೆದ ಪ್ರಬಂಧಕ್ಕೆ ಪದವಿ ಸಿಕ್ಕಿದ ನಿದರ್ಶನವಿಲ್ಲವಾದ್ದರಿಂದ ಇನ್ನು ಮುಂದೆ ಅದನ್ನು ‘ಪಾದರಹಿತ ಅಸ್ಮಿತೆ’ ಎಂದು ನಿರ್ದೇಶಿಸಲಾಗುವುದು. ಲಕ್ಷಣಗಳನ್ನು ಒಟ್ಟು ಒಂಬತ್ತು ವರ್ಗಗಳಾಗಿ, ಪ್ರತಿ ವರ್ಗವನ್ನು ಮೂರು ಉಪವರ್ಗಗಳಾಗಿ ವಿಂಗಡಿಸಿಕೊಳ್ಳಲಾಗಿದೆ.

1.0 ಪೂರ್ವಸೂರಿಗಳು

ಕಂಪನಿ ಸರ್ಕಾರದ ನಿಸರ್ಗತಜ್ಞ ಪ್ಯಾಟ್ರಿಕ್ ರಸೆಲ್ 1801ರಲ್ಲಿ ಸದರಿ ಅಸ್ಮಿತೆಗೆ ‘ಬೋವಾ ಜಾನಿ’ ಎಂದು ಹೆಸರಿಟ್ಟ. ಜಾನ್ ಎಂದರೆ ತರಂಗಂಬಾಡಿಯ ಪಾದ್ರಿ. ಈಗಿನ ಹೆಸರು ಎರಿಕ್ಸ್ ಜಾನಿ. ನಮ್ಮ ಹೊಗೆಸೊಪ್ಪಿನ ಹೊಲದ ಬದುವಿನಲ್ಲಿ ಮಣ್ಣು ಹೊದ್ದು ಮಲಗುವ ಪ್ರಾಣಿಗೆ ಪಾದ್ರಿಯ ಹೆಸರು ಅಂಟಿಕೊಂಡದ್ದು ವಸಾಹತುಶಾಹಿ ಸಂಕಥನದ ಬಹುಮುಖಿ ಆಯಾಮಗಳಲ್ಲೊಂದು ಎಂದು ನನ್ನ ಮಾರ್ಗದರ್ಶಕರು ನಲವತ್ತು ಪುಟ ಬರೆದಿರುವುದರಿಂದ ಇಲ್ಲಿ ಬಿಡಲಾಗಿದೆ. ಆ ಪುಟಗಳಲ್ಲಿ ಹಾವು ಎಲ್ಲಿಯೂ ಬರುವುದಿಲ್ಲ.

2.0 ಸಾಗರೋತ್ತರ ಪಂಥ

ಅಮೆರಿಕ, ಯುರೋಪಿನಲ್ಲಿ ಇರುತಲೆಯ ನೆಂಟರಾದ ಬೋವಾ ಹಾವುಗಳನ್ನು ಪೆಟ್ಟಿಗೆಯಲ್ಲಿಟ್ಟು ಮರಿ ಮಾಡಿಸುವವರದ್ದು ಈ ಪಂಥ. ಬಣ್ಣವೇ ಇವರ ದೇವರು, 1866ರಲ್ಲಿ ಬಟಾಣಿ ಗಿಡಗಳ ಲೆಕ್ಕ ಪ್ರಕಟಿಸಿದ ಮೆಂಡಲ್ ಇವರ ಪುರೋಹಿತ. ಕಪ್ಪು ವರ್ಣದ್ರವ್ಯವಿಲ್ಲದ್ದು ‘ಆಲ್ಬಿನೊ’, ಕೆಂಪಿಲ್ಲದ್ದು ‘ಅನೆರಿ’, ಎರಡೂ ಇಲ್ಲದ್ದು ‘ಸ್ನೋ’. ಹೊರಗೆ ಮಾಮೂಲಿಯಾಗಿ ಕಂಡು ಒಳಗೆ ಅಡಗಿದ ವಂಶವಾಹಿ ಹೊತ್ತದ್ದು ‘ಹೆಟ್’. ಎರಡು ಹೆಟ್‌ಗಳನ್ನು ಕೂಡಿಸಿದಾಗ ಹುಟ್ಟುವ ಮಾಮೂಲಿ ಬಣ್ಣದ ಮರಿಗಳಲ್ಲಿ ಸರಾಸರಿ ಮೂರಕ್ಕೆ ಎರಡು ಆ ಗುಣ ಹೊತ್ತಿರುತ್ತವೆ; ಯಾವ ಎರಡು ಎಂಬುದು ನೋಡಿದರೆ ತಿಳಿಯದು. ಆದ್ದರಿಂದ ಪ್ರತಿ ಮರಿಗೂ ‘66% ಸಂಭಾವ್ಯ ಹೆಟ್’ ಎಂಬ ಚೀಟಿ ಅಂಟಿಸಿ ಮಾರುತ್ತಾರೆ. ಹುಡುಗ ಕಪ್ಪಗಿದ್ದಾನೆ ನಿಜ, ಅವರ ತಾತ ಮಾತ್ರ ಹಾಲಿನಂತೆ ಬೆಳ್ಳಗಿದ್ದರು ಎಂದು ಹೆಣ್ಣಿನ ಕಡೆಯವರಿಗೆ ಹೇಳುವ ನಮ್ಮ ಮದುವೆ ದಲ್ಲಾಳಿಗಳಿಗೆ ಈ ಶೇಕಡಾವಾರು ಹೊಳೆಯದಿದ್ದುದು ವಿಷಾದನೀಯ.

ಆಲ್ಬಿನೊ ಬೋವಾಗಳಲ್ಲಿ ಕಾಲ್, ಶಾರ್ಪ್ ಎಂಬ ಎರಡು ಮನೆತನಗಳಿವೆ. ಎರಡಕ್ಕೂ ಸಂಬಂಧ ಬೆಳೆಸಿದರೆ ಮರಿಗಳೆಲ್ಲ ಮಾಮೂಲಿ ಬಣ್ಣದಲ್ಲೇ ಹುಟ್ಟುತ್ತವೆ, ಏಕೆಂದರೆ ಎರಡೂ ಕಡೆ ಕೆಟ್ಟಿರುವ ವಂಶವಾಹಿ ಒಂದೇ ಅಲ್ಲ. ಈ ಪಂಥದ ಬಗ್ಗೆ ನನಗೆ ಒಳಗೊಳಗೇ ಗೌರವವಿದೆ. ಕಡೇಪಕ್ಷ ಇವರು ಹಾವನ್ನು ನೋಡುತ್ತಾರೆ.

3.0 ಸ್ವದೇಶೀ ಪಂಥ

ಇವರು ಕಾರಿನಲ್ಲಿ ಬರುತ್ತಾರೆ. ಉಪಕರಣ: ತಕ್ಕಡಿ, ಮೊಬೈಲು. ಸಿದ್ಧಾಂತ: ಇರುತಲೆ ಹಾವು ಮನೆಯಲ್ಲಿದ್ದರೆ ಲಕ್ಷ್ಮಿ ಒಲಿಯುತ್ತಾಳೆ, ನಿಧಿ ತೋರುತ್ತದೆ. ವಿಧಾನ: ಒಂದೇ ಪ್ರಶ್ನೆ.

“ಎಷ್ಟು ಕೆಜಿ ಬತ್ತದಣ್ಣಾ?”

3.1 ವರ್ಣ. ಮರಿ ಹುಟ್ಟುವಾಗ ಮೈಮೇಲೆ ಕಪ್ಪು ಪಟ್ಟೆಗಳಿರುತ್ತವೆ, ನಡುನಡುವೆ ಕೆಂಗಿತ್ತಳೆ. ಬೆಳೆಯುತ್ತ ಪಟ್ಟೆಗಳು ಮಾಸಿ ಮೈಯೆಲ್ಲ ಒಂದೇ ಕಂದು ಆಗುತ್ತದೆ. ಕೆಲವಕ್ಕೆ ಬಾಲದ ಬಳಿ ಗುರುತು ಉಳಿಯುತ್ತದೆ. ಇದು ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುವ ಹಾವಾದ್ದರಿಂದ ಈ ಉಡುಗೆಯ ಮರಿಗಳು ಒಟ್ಟಿಗೇ ಮಣ್ಣಿಗಿಳಿಯುತ್ತವೆ. ಬೇರೆ ಯಾವ ದೇಶದಲ್ಲಾದರೂ ಇದಕ್ಕೊಂದು ಹೆಸರು, ಚೀಟಿ ಎಲ್ಲ ಇರುತ್ತಿತ್ತು. ಸ್ವದೇಶೀ ಪಂಥದಲ್ಲಿ ಇದರ ವರ್ಗನಾಮ: ‘ತೂಕ ಇಲ್ಲ, ಬಿಡಿ’.

3.2 ದ್ವಿಶಿರ. ಬಾಲ ಮೊಂಡಾಗಿ ತಲೆಯಂತೆಯೇ ಇರುವುದು ಜನ್ಮಲಕ್ಷಣ. ಹೆದರಿದಾಗ ಹಾವು ತಲೆಯನ್ನು ಅಡಗಿಸಿ ಬಾಲವನ್ನು ಮುಂದೊಡ್ಡುತ್ತದೆ. ಇಷ್ಟು ಸಾಲದೆ ಬಾಲಕ್ಕೆ ಬರೆ ಹಾಕಿ, ಗೀರಿ, ಕಣ್ಣು ಬಾಯಿ ಮೂಡಿಸುವ ಪದ್ಧತಿ ಹಾವಾಡಿಸುವವರಲ್ಲಿತ್ತು. ಇಂಥ ಆರ್ಜಿತ ಲಕ್ಷಣ ಮರಿಗೆ ದಾಟುವುದೇ? ಜರ್ಮನಿಯ ವೈಸ್‌ಮಾನ್ 1880ರ ದಶಕದಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಲಿಗಳ ಬಾಲ ಕತ್ತರಿಸಿ ನೋಡಿದ. ಮರಿಗಳೆಲ್ಲ ಬಾಲವಿದ್ದೇ ಹುಟ್ಟಿದವು. ನಮ್ಮಲ್ಲಿ ಎಷ್ಟು ಬರೆ ಹಾಕಿದರೂ ಮರಿಗಳೆಲ್ಲ ಒಂದೇ ತಲೆಯಲ್ಲಿ ಹುಟ್ಟುತ್ತಿವೆ. ಪ್ರಯೋಗ ಮಾತ್ರ ನಿಂತಿಲ್ಲ.

3.3 ತೂಕ. ಇದರ ಉಪವರ್ಗಗಳು: (ಅ) ಸಹಜ ತೂಕ, (ಆ) ಉಂಡ ತೂಕ, (ಇ) ತುಂಬಿದ ತೂಕ. ತಕ್ಕಡಿಯ ಮುಳ್ಳು ಏರಲೆಂದು ಬಾಯಿ ಬಿಡಿಸಿ ಉಕ್ಕಿನ ಗುಂಡುಗಳನ್ನು ನುಂಗಿಸುವುದು (ಇ)ಗೆ ಉದಾಹರಣೆ. ಗುಂಡು ಆನುವಂಶಿಕವಲ್ಲ ಎಂಬುದನ್ನು ಇಲ್ಲಿ ಗಮನಿಸಬಹುದು. ಅದು ಜೀರ್ಣವಾಗುವುದಿಲ್ಲ ಎಂಬುದನ್ನೂ ಗಮನಿಸಬಹುದು. ಹೊಟ್ಟೆಯಲ್ಲಿ ಕಬ್ಬಿಣ ಹೊತ್ತ ಪಾದರಹಿತ ಅಸ್ಮಿತೆ ಚೀಲದೊಳಗೆ, ಗಿರಾಕಿ ಬರುವ ತನಕ

ಹಾವು. ಅದು ಹಾವು. ವಿಷವಿಲ್ಲದ, ಯಾರ ತಂಟೆಗೂ ಬಾರದ, ರಾಗಿ ಹೊಲದ ಇಲಿ ತಿಂದು ಬದುಕುವ ಹಾವು. ಅದೇ ಹೊಲಕ್ಕೆ ನಾವು ದುಡ್ಡು ಕೊಟ್ಟು ಇಲಿಪಾಷಾಣ ತರುತ್ತೇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಿಡಿಯುವುದೂ ಅಪರಾಧ, ಮಾರುವುದೂ ಅಪರಾಧ. ಕೋಟಿ ಕೊಡುತ್ತೇವೆಂದು ಫೋನಿನಲ್ಲಿ ಹೇಳಿದವನು ಕೊನೆಯಲ್ಲಿ ಎಲ್ಲೂ ಇರುವುದಿಲ್ಲ. ಸಿಕ್ಕಿಬೀಳುವವನು ಚೀಲ ಹೊತ್ತ ನಮ್ಮೂರಿನಂಥ ಊರಿನ ಹುಡುಗ, ಸಾಲ ತೀರಿಸುವ ಆಸೆಗೆ ಹೊಲ ಅಗೆದವನು. ಹಾವಿಗಿಂತ ಅವನೇನು ಹೆಚ್ಚು ಬುದ್ಧಿವಂತನಲ್ಲ, ಹೆಚ್ಚು ದುಷ್ಟನೂ ಅಲ್ಲ. ಅವನಿಗೆ ಓದು ಕಲಿಸಿದ ನಾವು ಸಂಕಥನ ಬರೆಯುತ್ತ ಕೂತಿದ್ದೆವು.

4.0ರಿಂದ 9.3

ಉಳಿದ ಆರು ವರ್ಗಗಳನ್ನು ಉಪವರ್ಗಸಮೇತ ಕೈಬಿಡಲಾಗಿದೆ. ತಕ್ಕಡಿ ತಂದವರು ಬೇಕಾದರೆ ಬರೆದುಕೊಳ್ಳಲಿ. ಮಾರ್ಗದರ್ಶಕರು ಕೋಷ್ಟಕ ಕೇಳಿದ್ದಾರೆ, ಕೊಡುವುದಿಲ್ಲ.